ಹೊಣೆ ಹಂಚಿಕೊಂಡ ಸರ್ಕಾರಿ ಪ್ರೌಢಶಾಲೆ: ಪೋಷಕನೊಬ್ಬನ ಅಭಿಪ್ರಾಯ

2022ರಲ್ಲಿ ಮಗಳನ್ನು ನಮ್ಮ ಹೋಬಳಿಯ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ಸೇರಿಸಿದಾಗ ಆ ಶಾಲೆಯ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತಿರಲಿಲ್ಲ. ಮುಖ್ಯ ಶಿಕ್ಷಕರ ಹುದ್ದೆ ಖಾಲಿಯಿತ್ತು. ಪ್ರಭಾರದಲ್ಲಿದ್ದವರಿಗೆ ಇಲಾಖೆ ಕೇಳುವ ಮಾಹಿತಿ ತುಂಬುವುದರಲ್ಲೂ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಸಭೆಗಳಲ್ಲೂ ದಿನ ಕಳೆಯುತ್ತಿತ್ತು. ಅವರಿಲ್ಲದ ದಿನ ಒಂದು ಪೀರಿಯಡ್ ಬದಲಿಸುವ ತೀರ್ಮಾನವನ್ನೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದು, ಕೃಪಾಂಕ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ನಮ್ಮ ಶಾಲೆಯದು ಅದಕ್ಕಿಂತ ಕೆಳಗಿತ್ತು. ಶಾಲೆ ಮತ್ತೆ ತೆರೆದಾಗ ನಡೆದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕರು ಇದು ತಮ್ಮೊಬ್ಬರಿಂದ ಆಗುವ ಕೆಲಸವಲ್ಲವೆಂದು ಎಲ್ಲರೆದುರು ಒಪ್ಪಿಕೊಂಡರು. ಶಾಲೆ ಚೇತರಿಸಿಕೊಳ್ಳತೊಡಗಿದ್ದು ಅಂದಿನಿಂದಲೇ ಎಂದು ನಾನು ನಂಬಿದ್ದೇನೆ.

ವೇಳಾಪಟ್ಟಿ ಮತ್ತು ವಿಶೇಷ ತರಗತಿಗಳನ್ನು ಗಣಿತ ಶಿಕ್ಷಕರಿಗೆ, ಗೈರುಹಾಜರಾದ ಮಕ್ಕಳ ಮನೆ ಭೇಟಿಯನ್ನು ಕನ್ನಡ ಶಿಕ್ಷಕಿಗೆ, ಸಂಜೆಯ ಗುಂಪು ಅಧ್ಯಯನದ ಉಸ್ತುವಾರಿಯನ್ನು ನಮ್ಮಂಥ ಪೋಷಕರಿಗೆ ವಹಿಸಿದ್ದಷ್ಟೇ ಅಲ್ಲ, ಆಯಾ ವಿಷಯದಲ್ಲಿ ಯಾರ ಅಪ್ಪಣೆಗೂ ಕಾಯದೆ ತೀರ್ಮಾನಿಸುವ ಅಧಿಕಾರವನ್ನೂ ಕೊಟ್ಟರು. ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಉದ್ದನೆಯ ಲೆಡ್ಜರ್ ಒಂದನ್ನು ಇಡಲಾಯಿತು. ಯಾವ ಮಗು ಯಾವ ಪಾಠದಲ್ಲಿ ಹಿಂದಿದೆ ಎಂಬುದನ್ನು ಅದರಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಬಿಸಿಯೂಟದ ಅಡುಗೆಯವರನ್ನೂ ಸೋಮವಾರದ ಸಭೆಗೆ ಕರೆಯತೊಡಗಿದರು. ಹಾಜರಿ ಕೂಗಿದ ಮೇಲೆ ಹುಡುಗನೊಬ್ಬ ಹಿಂಬಾಗಿಲಿನಿಂದ ಹೊರಟುಹೋಗುತ್ತಿದ್ದುದನ್ನು ಮೊದಲು ಗುರುತಿಸಿದ್ದು ಅವರೇ: ಅವನ ತಟ್ಟೆ ಮೂರು ದಿನದಿಂದ ಸಾಲಿಗೆ ಬಂದಿಲ್ಲ ಎಂದರು. ಕನ್ನಡ ಶಿಕ್ಷಕಿ ಅಂದೇ ಸಂಜೆ ಹುಡುಕಿಕೊಂಡು ಹೋದಾಗ ಅವನು ಇಟ್ಟಿಗೆ ಭಟ್ಟಿಯಲ್ಲಿ ಸಿಕ್ಕಿದ. ಹಾಜರಿ ಪುಸ್ತಕವೊಂದನ್ನೇ ನಂಬಿದ್ದರೆ ಆ ಮಗು ನಮ್ಮ ಕೈತಪ್ಪಿ ಹೋಗುತ್ತಿತ್ತು.

ಕೊರತೆಗಳೂ ಇವೆ. ಅತಿಥಿ ಶಿಕ್ಷಕರು ತಡವಾಗಿ ಬಂದ ಕಾರಣ ವಿಜ್ಞಾನದ ಪಾಠಗಳು ಕೊನೆಯಲ್ಲಿ ಓಡಿದವು. ಸಮಿತಿಯ ತಾಯಂದಿರಲ್ಲಿ ಹಲವರು ನಡಾವಳಿ ಪುಸ್ತಕಕ್ಕೆ ಸಹಿ ಹಾಕುತ್ತಾರೆಯೇ ಹೊರತು ಅವರ ಮಾತನ್ನು ಕೇಳುವ ತಾಳ್ಮೆ ನಮ್ಮ ಗಂಡಸರಿಗೆ ಇನ್ನೂ ಬಂದಿಲ್ಲ. ಮನೆ ಭೇಟಿಯ ಭಾರವೆಲ್ಲ ಒಬ್ಬ ಶಿಕ್ಷಕಿಯ ಮೇಲೆಯೇ ಬಿದ್ದಿರುವುದು ನನಗೆ ಸರಿಯೆನಿಸುವುದಿಲ್ಲ; ಹಂಚಿಕೊಳ್ಳುವುದೆಂದರೆ ಅದನ್ನೂ ಹಂಚಿಕೊಳ್ಳಬೇಕು.

ಮಗಳು 2025ರಲ್ಲಿ ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆಯಲ್ಲೇ ತೇರ್ಗಡೆಯಾದಳು. ಮಗನನ್ನೂ ಇದೇ ಶಾಲೆಗೆ ಸೇರಿಸುತ್ತಿದ್ದೇನೆ. ದಾಖಲಾತಿಗೆಂದು ಹೋಗುವ ಪೋಷಕರು ಕಟ್ಟಡ ನೋಡುವ ಮೊದಲು ಆ ಲೆಡ್ಜರ್ ಅನ್ನು ಕೇಳಿ ತೆಗೆಸಿ, ಕಳೆದ ವಾರದ ಪುಟದಲ್ಲಿ ಎಷ್ಟು ಜನರ ಕೈಬರಹವಿದೆ ಎಂಬುದನ್ನು ನೋಡಲಿ.