ಫಾರಿನ್ ಟೂರ್ ಬುಕ್ ಮಾಡೋ ದಾವಣಗೆರೆಯವರೇ, ‘ಮ್ಯೂಸಿಯಂ ವಿಸಿಟ್’ ಅಂದ್ರೆ ಒಳಗೆ ಹೋಗೋದು ಅಲ್ಲವಂತೆ!

ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿರೋ ಪೋರ್ಷೆ ಕಾರು ಕಂಪನಿಯ ಮ್ಯೂಸಿಯಂಗೆ ಸೋಮವಾರ ರಜ. ಮಂಗಳವಾರದಿಂದ ಭಾನುವಾರದ ತನಕ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಬಾಗಿಲು ತೆರೆದಿರುತ್ತೆ. ಇದೇನು ಗುಟ್ಟಲ್ಲ, ಅವರ ವೆಬ್‌ಸೈಟ್ ತೆಗೆದ್ರೆ ಕಾಣುತ್ತೆ. ಆದ್ರೆ ‘ವರ್ಷಾನುಗಟ್ಟಲೆ ಯುರೋಪ್ ಮಾಡಿಸಿದೀವಿ’ ಅಂತ ಕುರ್ಚಿ ತಿರುಗಿಸ್ಕೊಂಡು ಹೇಳಿದ ನಮ್ಮೂರಿನ ಟ್ರಾವೆಲ್ಸ್‌ನವನು ನಮ್ಮನ್ನ ಅಲ್ಲಿಗೆ ಕಳಿಸಿದ್ದು 2025ರ ಜೂನ್ 16ಕ್ಕೆ. ಸೋಮವಾರ! ಅಪ್ಪಾಜಿಗೆ 60 ತುಂಬಿದ್ದೂ ಅವತ್ತೇ. ಇಡೀ ಟೂರ್ ಬುಕ್ ಮಾಡಿದ್ದೇ ಆ ಒಂದು ದಿನಕ್ಕೆ, ಆ ಒಂದು ಬಾಗಿಲಿಗೆ.

ಲೆಕ್ಕ ಕೇಳಿ. ತಲೆಗೆ 2,40,000ದಂತೆ ಮೂರು ಜನಕ್ಕೆ 7,20,000. ಅದರ ಮೇಲೆ ಜಿಎಸ್‌ಟಿ 5% ಅಂದ್ರೆ 36,000. ಎರಡೂ ಸೇರಿದ ಮೊತ್ತದ ಮೇಲೆ ಟಿಸಿಎಸ್ (ಟೂರ್ ಮಾರೋನು ನಮ್ಮಿಂದ ಮುಂಗಡವಾಗಿ ಹಿಡಿಯೋ ಆದಾಯ ತೆರಿಗೆ) ಆಗಿನ 5% ಲೆಕ್ಕದಲ್ಲಿ 37,800. ಒಟ್ಟು 7,93,800, ಏಪ್ರಿಲ್‌ನಲ್ಲೇ ಚುಕ್ತಾ. ಇದಲ್ಲದೆ ‘ಬರ್ತ್‌ಡೇ ಸ್ಪೆಷಲ್, ಪೋರ್ಷೆ 911 ಕಾರಲ್ಲಿ ಒಂದು ಗಂಟೆ ಡ್ರೈವ್’ ಅಂತ 55,000 ಬೇರೆ. ಅದನ್ನ ಅವನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿಸ್ಕೊಂಡ. ‘ಇದಕ್ಕೆ ಬಿಲ್ ಬ್ಯಾಡ್ರಿ ಅಣ್ಣ, ಸುಮ್ನೆ ಟ್ಯಾಕ್ಸ್ ಬೀಳ್ತದೆ’ ಅಂದ. ನಾವೂ ಹ್ಞೂಂ ಅಂದ್ವಿ. ಬರೆಯೋಕೇ ನಾಚಿಕೆ ಆಗ್ತಿದೆ.

ಮೊದಲು ಕೊಟ್ಟ ಪಿಡಿಎಫ್‌ನಲ್ಲಿ ‘ದಿನ 4: ಪೋರ್ಷೆ ಮ್ಯೂಸಿಯಂ ವಿಸಿಟ್’ ಅಂತಿತ್ತು, ಪಕ್ಕದಲ್ಲಿ ಕೇಕಿನ ಚಿತ್ರ. ಹೊರಡೋ ಹಿಂದಿನ ರಾತ್ರಿ 11.40ಕ್ಕೆ ವಾಟ್ಸಾಪ್ ಗ್ರೂಪಿಗೆ ‘ಫೈನಲ್’ ಅಂತ ಇನ್ನೊಂದು ಬಂತು. ಅದರಲ್ಲಿ ಎರಡೇ ಪದ ಬದಲು: ‘ವಿಸಿಟ್’ ಇದ್ದ ಕಡೆ ‘ಫೋಟೋ ಸ್ಟಾಪ್’. ಆ ಹೊತ್ತಲ್ಲಿ ಬ್ಯಾಗ್ ತೂಕ ಮಾಡ್ತಾ ಕೂತೋರು ಪದ ಎಣಿಸ್ತಾರಾ? ಟೂರ್ ಮಾಡಿಸೋರ ಭಾಷೆಯಲ್ಲಿ ‘ಎಂಟ್ರಿ’ ಅಂದ್ರೆ ಮಾತ್ರ ಟಿಕೆಟ್ ಸೇರಿದೆ ಅಂತ. ‘ಫೋಟೋ ಸ್ಟಾಪ್’ ಅಂದ್ರೆ ಇಳಿ, ಕ್ಲಿಕ್ ಮಾಡು, ಹತ್ತು. ‘ಪನೋರಮಿಕ್’ ಅಂದ್ರೆ ಬಸ್ಸಿನ ಕಿಟಕಿಯಿಂದ ನೋಡೋದು. ‘ವಿಸಿಟ್’ ಅನ್ನೋದಕ್ಕೆ ಅವತ್ತಿನ ಮಟ್ಟಿಗೆ ಏನು ಅರ್ಥ ಬೇಕೋ ಅದು.

ಬಸ್ಸು ಪೋರ್ಷೆಪ್ಲಾಟ್ಸ್‌ನಲ್ಲಿ ನಿಲ್ತು. ಸರ್ಕಲ್ ನಡುವೆ ಮೂರು ಬಿಳಿ ಕಂಬ, ಒಂದೊಂದರ ತುದಿಗೂ ಒಂದೊಂದು 911, ಆಕಾಶಕ್ಕೆ ಮೂತಿ ಎತ್ತಿಕೊಂಡು. ಎದುರಿಗೆ ವಿ ಆಕಾರದ ಕಾಲುಗಳ ಮೇಲೆ ನಿಂತ ಮ್ಯೂಸಿಯಂ. ಅಪ್ಪಾಜಿ ಗಾಜಿನ ಬಾಗಿಲಿನ ಹಿಡಿ ಎಳೆದ್ರು. ಅಲ್ಲಾಡಲಿಲ್ಲ. ಇನ್ನೊಂದ್ಸಲ ಎಳೆದ್ರು. ಹಿಂದಿನಿಂದ ಟೂರ್ ಮ್ಯಾನೇಜರ್: ‘ಇಪ್ಪತ್ತು ನಿಮಿಷ ಇದೆ, ಫೋಟೋ ತಗೊಳ್ಳಿ.’ 1948ರಲ್ಲಿ ಶುರುವಾದ 356 ಮಾಡೆಲ್‌ನಿಂದ ಹಿಡಿದು 1970ರಲ್ಲಿ ಲೆ ಮಾನ್ ರೇಸ್ ಗೆದ್ದ 917 ಕಾರಿನ ತನಕದ ಚರಿತ್ರೆ, ಎಂಬತ್ತರ ಸುಮಾರು ಕಾರು ಗಾಜಿನ ಆಚೆ. ನಾವು ಈಚೆ.

ಅಲ್ಲಿಂದಲೇ ಫೋನ್ ಹಚ್ಚಿದೆ. ಉತ್ತರಗಳನ್ನ ಹಾಗೇ ಹಾಕ್ತೀನಿ.

‘ಅಣ್ಣಾ, ವಿಸಿಟ್ ಅಂದ್ರೆ ಜಾಗಕ್ಕೆ ಹೋಗೋದು. ಎಂಟ್ರಿ ಅಂತ ಎಲ್ಲಿ ಬರ್ದೀವಿ ತೋರಿಸ್ರಿ.’

‘ಮಂಡೇ ಬಂದ್ ಮಾಡೋದು ಜರ್ಮನಿ ರೂಲ್ಸು, ನಮ್ಮ ಕೈಯಾಗೇನೈತಿ?’

‘ಟೆನ್ಷನ್ ತಗೋಬ್ಯಾಡ್ರಿ, ಬದಲಿಗೆ ಬೆಂಜ್ ಮ್ಯೂಸಿಯಂ ತೋರಿಸ್ತೀವಿ.’

ರೀ ಸ್ವಾಮಿ, ಅದೂ ಸೋಮವಾರ ಬಂದ್! ಅದೇ ಊರು, ಅದೇ ವಾರ, ಅದೇ ರಜ. ಇಷ್ಟು ಗೊತ್ತಿಲ್ಲದೋರು ಸ್ಟಟ್‌ಗಾರ್ಟ್ ಮಾರ್ತಿದಾರೆ.

ಡ್ರೈವ್ ಬಗ್ಗೆ ಕೇಳಿದ್ದಕ್ಕೆ: ‘ಐಡಿಪಿ ನೀವೇ ಮಾಡಿಸ್ಕೋಬೇಕಿತ್ತು.’ ಹೌದು, ಬೇಕಿತ್ತು. ಆರ್‌ಟಿಓದಲ್ಲಿ ಫಾರ್ಮ್ 4ಎ ಕೊಟ್ಟು ತಗೊಳ್ಳೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅದು. ಅದರ ಜೊತೆ, ಬಾಡಿಗೆ ಕಾರಿನ ಡೆಪಾಸಿಟ್‌ಗೆ ಓಡಿಸೋರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಕೇಳ್ತಾರೆ, ಡೆಬಿಟ್ ಕಾರ್ಡ್ ಸಾಮಾನ್ಯವಾಗಿ ನಡೆಯಲ್ಲ. 55,000 ತಗೊಂಡ ದಿನ ಇವೆರಡರಲ್ಲಿ ಒಂದನ್ನೂ ಹೇಳಲಿಲ್ಲ. ವೋಚರ್ ಕೇಳಿದೆ, ಇಲ್ಲ. ಯಾವ ಕಂಪನಿ ಕಾರು ಅಂದೆ, ಅದೂ ಇಲ್ಲ. ಅಂದ್ರೆ ಬುಕ್ಕೇ ಮಾಡಿರಲಿಲ್ಲ. ಕೊನೆಗೆ ಬಂದ ಮೆಸೇಜು: ‘ಅಪ್ಪಾಜಿಗೆ ನಮ್ಮ ಕಡೆಯಿಂದ ಹ್ಯಾಪಿ ಬರ್ತ್‌ಡೇ ಹೇಳ್ರಿ’, ಜೊತೆಗೆ ಕೇಕಿನ ಎಮೋಜಿ.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಸರಿ ಮಾಡೋಕೆ ಒಂದು ಫೋನ್ ಸಾಕಿತ್ತು. ಭಾನುವಾರ ಹೈಡೆಲ್‌ಬರ್ಗ್ ಇತ್ತು. ಹಳೇ ಪೇಟೆ, ನದಿ, ಸೇತುವೆಗೆ ಸೋಮವಾರ ಅಂತ ರಜ ಇಲ್ಲ. ಎರಡು ಊರಿನ ನಡುವೆ ಬಸ್ಸಿಗೆ ಎರಡು ಗಂಟೆ ದಾರಿ, ದಿನ ಅದಲುಬದಲು ಮಾಡಿದ್ರೆ ಮುಗೀತಿತ್ತು. ಅದೂ ಬೇಡ, ಆ ಹೆದ್ದಾರಿ ಪಕ್ಕದಲ್ಲೇ ಜಿನ್ಸ್‌ಹೈಮ್ ಟೆಕ್ನಿಕ್ ಮ್ಯೂಸಿಯಂ ಇದೆ. ವರ್ಷದ 365 ದಿನವೂ ತೆರೆದಿರುತ್ತೆ, ಚಾವಣಿ ಮೇಲೆ ಕಾಂಕಾರ್ಡ್ ವಿಮಾನ ನಿಲ್ಲಿಸಿದಾರೆ, ಒಳಗೆ ಫೆರಾರಿ, ಬುಗಾಟಿ. ಅದರ ಮುಂದೆಯೇ ಬಸ್ಸು ಹಾದು ಹೋಯ್ತು. ಮಂಗಳವಾರ ನಾವೇ ಹೋಗೋಣ ಅಂದ್ರೆ, ಸ್ಟಟ್‌ಗಾರ್ಟ್ ಮುಖ್ಯ ಸ್ಟೇಷನ್ನಿಂದ ಎಸ್6 ರೈಲಲ್ಲಿ ಹತ್ತು ನಿಮಿಷ, ನೊಯ್‌ವಿರ್ಟ್ಸ್‌ಹೌಸ್‌ನಲ್ಲಿ ಇಳಿದ್ರೆ ಎದುರಿಗೇ ಮ್ಯೂಸಿಯಂ. ಆದ್ರೆ ಬಸ್ಸು ಬೆಳಗ್ಗೆ 7.30ಕ್ಕೇ ಸ್ವಿಟ್ಜರ್ಲೆಂಡ್ ಕಡೆ ಹೊರಟಿತ್ತು. ಈ ಗ್ರೂಪ್ ಟೂರ್‌ಗಳದ್ದು ಒಂದೇ ರೂಟು, ಹೊರಡೋ ತಾರೀಕು ಮಾತ್ರ ತಿದ್ದಿ ಕಳಿಸ್ತಾರೆ, ಯಾವ ವಾರ ಎಲ್ಲಿ ಬೀಳುತ್ತೆ ಅಂತ ನೋಡೋರೇ ಇಲ್ಲ.

ಊರಿಗೆ ಬಂದ ಮೇಲೆ ಇನ್ನೊಂದು. ಆ ಟಿಸಿಎಸ್ 37,800 ನಮ್ಮ ಪ್ಯಾನ್ ಮೇಲೆ ಫಾರ್ಮ್ 26ಎಎಸ್‌ನಲ್ಲಿ, ಅಂದ್ರೆ ನಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಕಾಣಬೇಕಿತ್ತು, ರಿಟರ್ನ್ ಹಾಕುವಾಗ ಅದನ್ನ ವಾಪಸ್ ಹೊಂದಿಸ್ಕೋಬಹುದು. ಏಪ್ರಿಲ್ ದುಡ್ಡಿಗೆ ಅವನು ಜುಲೈ 15ರೊಳಗೆ ಟಿಸಿಎಸ್ ರಿಟರ್ನ್ ಹಾಕಿ, ಆಮೇಲೆ ಹದಿನೈದು ದಿನದಲ್ಲಿ ಅದಕ್ಕೆ ಪುರಾವೆಯಾದ 27ಡಿ ಸರ್ಟಿಫಿಕೇಟ್ ಕೊಡಬೇಕಿತ್ತು. ಆಗಸ್ಟ್ ಕಳೆದ್ರೂ 26ಎಎಸ್ ಖಾಲಿ. ಕೇಳಿದ್ರೆ ‘ಆಡಿಟರ್ ಊರಲ್ಲಿಲ್ಲ.’

ಬುಕ್ ಮಾಡೋರು ಇಷ್ಟು ಮಾಡಿ. ನೋಡಲೇಬೇಕಾದ ಜಾಗದ ರಜಾ ದಿನ ನೀವೇ ನೋಡಿ, ತಾರೀಕಿನ ಪಕ್ಕ ವಾರ ಬರೆಸಿ. ‘ಎಂಟ್ರಿ ಟಿಕೆಟ್ ಸೇರಿದೆ’ ಅನ್ನೋ ಮಾತು ಬರಹದಲ್ಲೇ ಇರಲಿ. ವೋಚರ್ ನಂಬರ್ ಇಲ್ಲದ ‘ಸ್ಪೆಷಲ್’ಗೆ ಒಂದು ರೂಪಾಯಿನೂ ಬಿಚ್ಚಬೇಡಿ. ಮೋಸ ಆಗಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇಲ್ಲ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಿ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, 10 ಲಕ್ಷದವರೆಗೆ ಬರೀ 200 ರೂಪಾಯಿ. ನಮ್ಮದು ರೆಡಿ ಆಗ್ತಿದೆ, ಎರಡೂ ಪಿಡಿಎಫ್ ಪ್ರಿಂಟ್ ತೆಗೆಸಿದೀನಿ, ಆ ಕೇಕಿನ ಎಮೋಜಿ ಸಮೇತ.