ಸೇಕರ್ ಬೇಕಾ, ಪೆರೆಗ್ರಿನ್ ಬೇಕಾ?

ಅರಬ್ ನಾಡಿನಲ್ಲಿ ಮೊದಲ ಸಲ ಡೇಗೆ ಪಳಗಿಸುವವರಿಗೆ ಎದುರಾಗುವ ಪ್ರಶ್ನೆ ಇದು. ಎರಡೂ ಬೇಟೆಯಾಡುವ ಡೇಗೆ ಹಕ್ಕಿಯ ಜಾತಿಗಳು. ಅಲ್ಲಿ ಸೇಕರ್‌ಗೆ 'ಹುರ್' ಅಂತಾರೆ, ಪೆರೆಗ್ರಿನ್‌ಗೆ 'ಶಾಹೀನ್'.

ಪೆರೆಗ್ರಿನ್ ಮೇಲಿನಿಂದ ಎರಗುವ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ನೋಡಿದರೆ ಮೈ ಜುಮ್ಮೆನ್ನುತ್ತದೆ! ಆದರೆ ಅದಕ್ಕೆ ಎತ್ತರ ಬೇಕು. ಸೇಕರ್ ಹಾಗಲ್ಲ. ಪಳಗಿಸಿದವರ ಕೈಗವಸಿನಿಂದ ನೇರ ಹಾರಿ, ನೆಲದ ಹತ್ತಿರವೇ ಬಿಡದೆ ಬೆನ್ನಟ್ಟುತ್ತದೆ. ಮರುಭೂಮಿಗೂ ಹೊಂದಿಕೊಂಡಿದೆ. ನಮ್ಮ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆಂಟ ಹೌಬಾರಾ ಹಕ್ಕಿಯ ಬೇಟೆಗೆ ಅಲ್ಲಿನವರು ತಲೆಮಾರುಗಳಿಂದ ಇದನ್ನು ನೆಚ್ಚಿದ್ದಾರೆ.

ಪಳಗಿಸುವ ದಾರಿ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಕಣ್ಣು ಮುಚ್ಚುವ ಚರ್ಮದ ಟೋಪಿ, ಹಕ್ಕಿಯನ್ನು ಕರೆಯಲು ಹುರಿಗೆ ಗರಿ ಕಟ್ಟಿ ಬೀಸುವ 'ತಿಲ್ವಾ', ದಿನಾ ತೂಕ. ತಕ್ಕಡಿಯ ಮೇಲೆ ಕೂತ ಹಕ್ಕಿಯ ಒಂದೊಂದು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಹೊಟ್ಟೆ ತುಂಬಿದ್ದರೆ ಕರೆದರೂ ಬರಲ್ಲ. ಜಾಸ್ತಿ ಹಸಿವಾದರೆ ಪ್ರಾಣಕ್ಕೇ ಕುತ್ತು.

ನನ್ನನ್ನು ಕೇಳಿದರೆ, ಮೊದಲ ಹಕ್ಕಿಯಾಗಿ ಸೇಕರ್ ತಗೊಳ್ಳಿ. ಆದರೆ ಕಾಡಿನ ಸೇಕರ್ ಅಳಿವಿನಂಚಿನಲ್ಲಿದೆ. ಸಾಕಣೆಯಲ್ಲಿ ಹುಟ್ಟಿದ, ಕಾಗದಪತ್ರ ಇರುವ ಮರಿಯನ್ನೇ ಆರಿಸಿ. ಭಾರತದಲ್ಲಂತೂ ಈ ಯೋಚನೆಯೇ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.