ಮೂರೂವರೆ ವರ್ಷ, 11,000 ಕಿಲೋಮೀಟರ್: ಆಫೀಸಿಗೆ ಓಡಿಸುವ ನನ್ನ ಗೇರ್ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಸೈಕಲ್ಲಿನ ಪ್ಲಾಸ್ಟಿಕ್ ಬಿಚ್ಚಿ, ಎರಡು ದಿನ ಓಡಿಸಿ, ನಾಲ್ಕು ಫೋಟೊ ಹಾಕಿ ಬರೆದ ವಿಮರ್ಶೆ ಅಲ್ಲ. ಮೂರೂವರೆ ವರ್ಷದಿಂದ ಮೈಸೂರಿನ ಕುವೆಂಪುನಗರದ ಮನೆಯಿಂದ ಮೇಟಗಳ್ಳಿ ಕಡೆ ಇರುವ ಆಫೀಸಿಗೆ ಇದರಲ್ಲೇ ಹೋಗಿ ಬರುತ್ತಿದ್ದೇನೆ. ಒಂದು ಕಡೆಗೆ ಎಂಟೂವರೆ ಕಿಲೋಮೀಟರ್. ವಾರಕ್ಕೆ ನಾಲ್ಕು ದಿನ ಸೈಕಲ್. ಉಳಿದ ದಿನ ಸ್ಕೂಟರ್, ಮಳೆಗೋ ಸೋಮಾರಿತನಕ್ಕೋ.

ಕಂಪನಿ ಹೆಸರು ಹಾಕುವುದಿಲ್ಲ. ಕೆಳಗೆ ಅದಕ್ಕೆ ಸ್ವಲ್ಪ ಬೈಗುಳವೂ ಇದೆ, ಸುಮ್ನೆ ಯಾಕೆ. ಅಂಗಡಿಯವರು ‘ಹೈಬ್ರಿಡ್’ ಅನ್ನುತ್ತಾರಲ್ಲ, ಆ ಜಾತಿ. ಅಲ್ಯೂಮಿನಿಯಂ ಫ್ರೇಮ್, ನೇರ ಹ್ಯಾಂಡಲ್, 700x35 ಟೈರ್ (35 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ), ಹಿಂದೆ ಮಾತ್ರ 7 ಗೇರ್. ಕೊಂಡಾಗ 18,500 ರೂಪಾಯಿ. ಈ ಬೆಲೆಯಲ್ಲಿ ಯಾವ ಕಂಪನಿಯದ್ದು ತಗೊಂಡರೂ ಹೆಚ್ಚುಕಡಿಮೆ ಇದೇ ಸಾಮಾನು ಇರುತ್ತದೆ. ಹಾಗಾಗಿ ನನ್ನ ಅನುಭವ ನಿಮಗೂ ಉಪಯೋಗಕ್ಕೆ ಬರಬಹುದು.

ದೊಡ್ಡವನಾದ ಮೇಲೆ ಮತ್ತೆ ಸೈಕಲ್ ಹತ್ತಿಸಿದ್ದು ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ. 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣ ಇಟ್ಟುಕೊಂಡು ನಮ್ಮೂರಲ್ಲಿ ಶುರುವಾಯಿತಲ್ಲ, ಆಗ. ಒಂದು ಕಡೆ ತಗೊಂಡು ಇನ್ನೊಂದು ಕಡೆ ಬಿಡುವುದು. ಅಲ್ಲಿಯವರೆಗೆ ನನ್ನ ಸೈಕಲ್ ಚರಿತ್ರೆ ಎಂದರೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಮೊಣಕಾಲು ತರಚಿಕೊಂಡದ್ದು, ಅಷ್ಟೇ. ಭಾನುವಾರ ಮಾರ್ಕೆಟ್ಟಿಗೆ, ಕೆರೆ ಕಡೆಗೆ ಅಂತ ಓಡಿಸುತ್ತಾ ಓಡಿಸುತ್ತಾ ರುಚಿ ಹತ್ತಿತು. ದಿನಾ ಮೇಟಗಳ್ಳಿಗೆ ಅಂದರೆ ಸ್ವಂತದ್ದೇ ಇರಲಿ ಅನ್ನಿಸಿ ಇದನ್ನು ಕೊಂಡೆ.

ಈಗ ಬೈಗುಳ. 18,500 ಕೊಟ್ಟು ಮನೆಗೆ ತಂದರೆ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ. ಕ್ಯಾರಿಯರ್ ಇಲ್ಲ. ಚೈನ್ ಕವರ್ ಇಲ್ಲ. ಲೈಟ್ ಇಲ್ಲ. ಬೆಲ್ ಕೂಡ ಇಲ್ಲ ಕಣ್ರೀ! ಸೈಡ್ ಸ್ಟ್ಯಾಂಡ್ ಕೇಳಿದ್ದಕ್ಕೆ ಅಂಗಡಿ ಹುಡುಗ ‘ವೇಟ್ ಜಾಸ್ತಿ ಆಗತ್ತೆ ಸಾರ್’ ಅಂದ. ನನ್ನ ತೂಕ 81 ಕೆಜಿ. ಸ್ಟ್ಯಾಂಡಿನ ಅರ್ಧ ಕೆಜಿ ಎಲ್ಲಿ ಗೊತ್ತಾಗಬೇಕು?

ಮೊದಲ ವಾರವೇ ಬಲಗಾಲಿನ ಪ್ಯಾಂಟ್ ಚೈನಿಗೆ ಸಿಕ್ಕಿ ಹರಿಯಿತು. ಎರಡನೇ ವಾರ ಒಂದು ಮಳೆ ಬಂತು. ಆಫೀಸಿನಲ್ಲಿ ನನ್ನ ಬೆನ್ನು ನೋಡಿ ಎಲ್ಲರೂ ನಗುತ್ತಿದ್ದರು. ಸೊಂಟದಿಂದ ಕುತ್ತಿಗೆವರೆಗೆ ನೇರವಾಗಿ ಒಂದು ಕೆಸರಿನ ಪಟ್ಟೆ, ನಾಮ ಎಳೆದ ಹಾಗೆ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರೆ ಬೆನ್ನೆಲ್ಲ ಬೆವರು. ಮೂರನೇ ವಾರ ಆ ಬ್ಯಾಗಿನಲ್ಲೇ ಡಬ್ಬಿಯ ಸಾರು ಚೆಲ್ಲಿತು. ಈ ಸೈಕಲ್ ಮಾರಿ ಬಿಡೋಣ ಅಂತ ಅವತ್ತು ನಿಜವಾಗಿಯೂ ಯೋಚಿಸಿದ್ದೆ.

ನಮ್ಮ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ಅಣ್ಣ ಒಬ್ಬರಿದ್ದಾರೆ. ಅವರೂ ಸೈಕಲ್ಲಿನಲ್ಲೇ ಬರುವುದು. ಅದು ಅವರ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್. 2006-07ರಲ್ಲಿ ಶುರುವಾದ ಆ ಸ್ಕೀಮ್ ನೆನಪಿದೆ ಅಲ್ವಾ? ಮಗಳು ಮದುವೆಯಾಗಿ ಹೋದಳು, ಸೈಕಲ್ ಅಪ್ಪನಿಗೆ ಉಳಿಯಿತು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಎರಡೂ ಚಕ್ರಕ್ಕೆ ಮಡ್‌ಗಾರ್ಡ್, ಸ್ಟ್ಯಾಂಡ್, ಬೆಲ್. ಬುಟ್ಟಿಯಲ್ಲಿ ಊಟದ ಡಬ್ಬಿ ನೆಟ್ಟಗೆ ಕೂತಿರುತ್ತದೆ. ಅವರು ನನ್ನ ಸೈಕಲ್ಲನ್ನು ಒಂದು ಸುತ್ತು ನೋಡಿ ಕೇಳಿದರು: ‘ಸಾರ್, ಮಿಕ್ಕ ಸಾಮಾನು ಯಾವಾಗ ಬರತ್ತೆ?’

ಅವತ್ತೇ ಸಂಜೆ ನಮ್ಮ ಬೀದಿ ಕೊನೆಯ ಸೈಕಲ್ ಶಾಪ್ ಭಾಯ್ ಹತ್ತಿರ ಹೋದೆ. ಮಡ್‌ಗಾರ್ಡ್, ಕ್ಯಾರಿಯರ್, ಸೈಡ್ ಸ್ಟ್ಯಾಂಡ್, ಹಿತ್ತಾಳೆ ಬೆಲ್, ಮುಂದೆ ಹಿಂದೆ ಲೈಟು, ಕ್ಯಾರಿಯರ್ ಪಕ್ಕಕ್ಕೆ ನೇತುಹಾಕುವ ಬ್ಯಾಗ್. ಎಲ್ಲ ಸೇರಿ 3,200 ರೂಪಾಯಿ. ಕ್ಯಾರಿಯರ್ ಕೂರಿಸಲು ಭಾಯ್ ಒಂದು ತಗಡನ್ನು ಬಗ್ಗಿಸಿ, ತೂತು ಹೊಡೆದು, ಕ್ಲ್ಯಾಂಪ್ ಮಾಡಿದರು. ಮೂರೂವರೆ ವರ್ಷ ಆಯಿತು, ಅಲ್ಲಾಡಿಲ್ಲ. ಕಂಪನಿಯವರು ನನಗೆ ಮಾರಿದ್ದು ವ್ಯಾಯಾಮದ ಸಾಮಾನು. ಅದನ್ನು ವಾಹನ ಮಾಡಿದ್ದು ಭಾಯ್. ನಾನು ಈಗ ಈ ಸೈಕಲ್ಲನ್ನು ಹೊಗಳುವುದೆಲ್ಲ ಅವತ್ತಿನಿಂದ ಈಚೆಗಿನ ಸೈಕಲ್ಲನ್ನೇ.

ಓಡಿಸುವವನೂ ಬದಲಾಗಬೇಕಾಯಿತು. ಶುರುವಿನಲ್ಲಿ ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ನಿನ್ನೆ 28 ನಿಮಿಷ, ಇವತ್ತು 26 ಅಂತ ರೇಸ್ ಓಡಿಸುತ್ತಿದ್ದೆ. ಆಫೀಸ್ ತಲುಪುವಷ್ಟರಲ್ಲಿ ಶರ್ಟ್ ಹಿಂಡಬಹುದಿತ್ತು. ಈಗ 32 ನಿಮಿಷ. ಬೆಳಗ್ಗೆಯೂ 32, ಸಂಜೆಯೂ 32. ಸ್ಕೂಟರಿನಲ್ಲಿ ಬೆಳಗ್ಗೆ 22 ನಿಮಿಷಕ್ಕೆ ಹೋಗುತ್ತೇನೆ ನಿಜ, ಆದರೆ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಅದೇ ದಾರಿ 35 ನಿಮಿಷವೂ ಆಗುತ್ತದೆ, 45 ಕೂಡ. ಸೈಕಲ್ಲಿಗೆ ಜಾಮ್ ಇಲ್ಲ. ಮನೆಗೆ ಫೋನ್ ಮಾಡಿ ‘ಹೊರಟೆ’ ಅಂದರೆ ನನ್ನಾಕೆ ಸರಿಯಾಗಿ ಅರ್ಧ ಗಂಟೆಗೆ ಕಾಫಿಗೆ ಹಾಲು ಇಡುತ್ತಾಳೆ.

ಇನ್ನು ದಾರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕೂಟರಿನಲ್ಲಿ ನಾನು ಯಾವಾಗಲೂ ದೊಡ್ಡ ರಸ್ತೆ. ಸೈಕಲ್ ಬಂದ ಮೇಲೆ ದಾರಿಯನ್ನೇ ಬದಲಾಯಿಸಿದೆ. ಸರಸ್ವತಿಪುರಂ ಒಳರಸ್ತೆಗಳು, ಕುಕ್ಕರಹಳ್ಳಿ ಕೆರೆ ಪಕ್ಕ, ಹುಣಸೂರು ರಸ್ತೆ ದಾಟಿ ಕಾಳಿದಾಸ ರಸ್ತೆ, ಒಂಟಿಕೊಪ್ಪಲು, ಗೋಕುಲಂ, ಆಮೇಲೆ ಮೇಟಗಳ್ಳಿ. ಮುಕ್ಕಾಲು ಭಾಗ ಮರದ ನೆರಳು. ಬೆಳಗ್ಗೆ ಎಂಟಕ್ಕೆ ಕೆರೆ ಹತ್ತಿರ ಬಂದರೆ ಗಾಳಿ ತಟಕ್ಕನೆ ತಣ್ಣಗಾಗುತ್ತದೆ, ಫ್ರಿಜ್ ಬಾಗಿಲು ತೆಗೆದ ಹಾಗೆ. ಹತ್ತು ವರ್ಷ ಸ್ಕೂಟರಿನಲ್ಲಿ ಓಡಾಡಿದರೂ ಹೆಲ್ಮೆಟ್ಟಿನ ಒಳಗೆ ಇದು ಗೊತ್ತೇ ಆಗಿರಲಿಲ್ಲ. ಹೆಜ್ಜಾರ್ಲೆಗಳು ಕೆಲವು ದಿನ ರಸ್ತೆಯ ಮೇಲೆಯೇ ಹಾದು ಹೋಗುತ್ತವೆ. ಅಷ್ಟು ದೊಡ್ಡ ಹಕ್ಕಿ, ಒಂದೂ ಸದ್ದಿಲ್ಲ.

ಒಂಟಿಕೊಪ್ಪಲಿನ ಹತ್ತಿರ ಒಂದು ಕಡೆ ಕಾಫಿಬೀಜ ಹುರಿಯುತ್ತಾರೆ. ಅಂಗಡಿ ಕಾಣುವ ಮೊದಲೇ ವಾಸನೆ ಬರುತ್ತದೆ. ಬೀಜ ಎಷ್ಟು ಹದಕ್ಕೆ ಬಂದಿದೆ ಅಂತ ಈಗ ನನಗೆ ಮೂಗಿನಲ್ಲೇ ಗೊತ್ತಾಗುತ್ತದೆ. ಅದರಾಚೆ ಒಂದು ಮನೆಯ ಮುಂದೆ ಅಜ್ಜಿಯೊಬ್ಬರು ದಿನಾ ಹೂ ಬಿಡಿಸುತ್ತಿರುತ್ತಾರೆ. ಮೊದಲ ವರ್ಷ ಸುಮ್ಮನೆ ನೋಡುತ್ತಿದ್ದರು. ಎರಡನೇ ವರ್ಷ ತಲೆ ಆಡಿಸತೊಡಗಿದರು. ಹೋದ ತಿಂಗಳು ಮೂರು ದಿನ ಜ್ವರ ಬಂದು ಮಲಗಿದ್ದೆ, ನಾಲ್ಕನೇ ದಿನ ಹೋದರೆ ‘ಎಲ್ಲಪ್ಪಾ, ಕಾಣಲೇ ಇಲ್ಲ?’ ಅಂತ ಕೇಳಿದರು. ಅವರ ಹೆಸರು ನನಗೆ ಇನ್ನೂ ಗೊತ್ತಿಲ್ಲ.

ದಸರಾ ಹೊತ್ತಿನಲ್ಲಿ ಇನ್ನೊಂದು ಮಜಾ ಇದೆ. ಅರಮನೆ ಸುತ್ತ ಒನ್‌ವೇ ಮಾಡಿ, ಕಾರಿನವರೆಲ್ಲ ಪಾರ್ಕಿಂಗ್ ಹುಡುಕಿಕೊಂಡು ಸುತ್ತುತ್ತಿರುತ್ತಾರೆ. ನಾನು ಆಫೀಸಿನಿಂದ ನೇರ ಆ ಕಡೆ ಹೋಗಿ, ಜನ ಜಾಸ್ತಿ ಆದ ಕಡೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಸೈಕಲ್ ತಳ್ಳುವವನನ್ನು ಯಾರೂ ತಡೆಯುವುದಿಲ್ಲ. ಲೈಟಿಂಗ್ ಎಲ್ಲ ನೋಡಿಕೊಂಡು, ಚುರುಮುರಿ ತಿಂದು, ಒಂಬತ್ತಕ್ಕೆ ಮನೆ.

ಸೀಟಿನ ಕಥೆ ಹೇಳದಿದ್ದರೆ ವಿಮರ್ಶೆ ಪೂರ್ತಿ ಆಗುವುದಿಲ್ಲ. ಈ ಸೈಕಲ್ಲಿನ ಸೀಟ್ ‘ಕ್ವಿಕ್ ರಿಲೀಸ್’. ಅಂದರೆ ಸ್ಪಾನರ್ ಬೇಡ, ಒಂದು ಲಿವರ್ ಎತ್ತಿದರೆ ಸೀಟ್ ಮೇಲೆ ಕೆಳಗೆ ಮಾಡಬಹುದು. ಕೊಳ್ಳುವಾಗ ಇದನ್ನು ದೊಡ್ಡ ಅನುಕೂಲ ಅಂತ ಹೇಳಿದ್ದರು. ಒಂದು ಶನಿವಾರ ಮಾರ್ಕೆಟ್ ಹತ್ತಿರ ಚಕ್ರಕ್ಕೂ ಫ್ರೇಮಿಗೂ ಸೇರಿಸಿ ಬೀಗ ಹಾಕಿ, ವೀಳ್ಯದೆಲೆ, ನಂಜನಗೂಡು ರಸಬಾಳೆ ತಗೊಂಡು ಹತ್ತು ನಿಮಿಷಕ್ಕೆ ಬಂದೆ. ಸೈಕಲ್ ಇದೆ, ಬೀಗ ಇದೆ, ಸೀಟ್ ಇಲ್ಲ! ಕಂಬಿಯ ಸಮೇತ ಎತ್ತಿಕೊಂಡು ಹೋಗಿದ್ದ ಪುಣ್ಯಾತ್ಮ. ಬಾಳೆಹಣ್ಣು ಕ್ಯಾರಿಯರಿಗೆ ಕಟ್ಟಿ ಮನೆವರೆಗೆ ನಿಂತುಕೊಂಡೇ ತುಳಿದೆ. ದಾರಿಯಲ್ಲಿ ಒಬ್ಬ ಹುಡುಗ ‘ಅಂಕಲ್, ಸೀಟು’ ಅಂತ ಕೂಗಿದ, ನನಗೆ ಗೊತ್ತಿಲ್ಲ ಅನ್ನುವ ಹಾಗೆ. ಭಾಯ್ ಮಾರನೇ ದಿನ ಆ ಲಿವರ್ ಕಿತ್ತು ನಟ್ಟು ಬೋಲ್ಟ್ ಹಾಕಿದರು. ಖರ್ಚು 40 ರೂಪಾಯಿ, ಹೊಸ ಸೀಟಿಗೆ 650.

ಇನ್ನೊಂದು ವಿಷಯ, ಕೊಳ್ಳುವ ಮೊದಲು ಟ್ಯೂಬಿನ ವಾಲ್ ನೋಡಿಕೊಳ್ಳಿ. ಇದರಲ್ಲಿ ಸಣ್ಣ ಕಡ್ಡಿಯಂತೆ ಇರುವ ಪ್ರೆಸ್ಟಾ ವಾಲ್ ಇದೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ತುದಿಯ ಪುಟ್ಟ ತಿರುಪನ್ನು ಮೊದಲು ಸಡಿಲ ಮಾಡದಿದ್ದರೆ ಗಾಳಿಯೂ ಹೋಗುವುದಿಲ್ಲ. ಮೊದಲ ಪಂಕ್ಚರ್ ಆದಾಗ ಅಂಗಡಿಯವರು ಅದನ್ನು ನೋಡಿ ‘ಇದು ನಮ್ಮ ಕಡೆದಲ್ಲ ಸಾರ್’ ಅಂತ ಕೈ ಎತ್ತಿಬಿಟ್ಟರು. ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರ್ ಸಿಗುತ್ತದೆ. ಅದನ್ನು ತಿರುಗಿಸಿ ಕೂರಿಸಿದರೆ ಬೈಕಿಗೆ ಗಾಳಿ ಹಾಕುವ ಪಂಪಿನಲ್ಲೇ ಹಾಕಬಹುದು. ನನ್ನದು ಮನೆ ಬೀಗದ ಕೈ ಗೊಂಚಲಲ್ಲಿ ಇದೆ. ಈವರೆಗೆ ಆಗಿರುವುದು ಒಂಬತ್ತು ಪಂಕ್ಚರ್. ಗಾಳಿ ಕಮ್ಮಿ ಇದ್ದಾಗ ಗುಂಡಿಗೆ ಬಿದ್ದು ಟ್ಯೂಬ್ ರಿಮ್ಮಿಗೆ ಕಚ್ಚಿ ಆದವೇ ಐದು. ವಾರಕ್ಕೊಮ್ಮೆ ಗಾಳಿ ನೋಡಲು ಶುರು ಮಾಡಿದ ಮೇಲೆ ಅದು ನಿಂತೇ ಹೋಯಿತು.

ಉಳಿದ ಭಾಗಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಶಿಮಾನೊ ಗೇರ್ ತೊಂದರೆ ಕೊಟ್ಟಿಲ್ಲ, ವರ್ಷಕ್ಕೊಮ್ಮೆ ಕೇಬಲ್ ಬದಲಾಯಿಸಿದ್ದೇನೆ. ಚೈನ್ ಎರಡು ಸಲ, ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಚಕ್ರ) ಒಂದು ಸಲ ಹೊಸದು ಹಾಕಿಸಿದೆ. ಮೊದಲ ಚೈನನ್ನು ಸವೆದ ಮೇಲೂ ಓಡಿಸಿ ಫ್ರೀವೀಲ್ ಹಲ್ಲು ಹಾಳುಮಾಡಿದ್ದು ನನ್ನದೇ ತಪ್ಪು. ಬ್ರೇಕ್ ಒಣ ರಸ್ತೆಯಲ್ಲಿ ಚೆನ್ನಾಗಿದೆ. ರಿಮ್ ಒದ್ದೆಯಾದರೆ ಮೊದಲ ಎರಡು ಸುತ್ತು ಹಿಡಿಯುವುದೇ ಇಲ್ಲ, ಮೊದಲೇ ಸ್ವಲ್ಪ ಒತ್ತಿ ನೀರು ಒರೆಸಿಕೊಳ್ಳಬೇಕು. ಹಿಂದಿನ ಚಕ್ರದ ಕಡ್ಡಿ ಎರಡು ಮುರಿದಿವೆ, ಬೆಂಡ್ ಮೂರು ಸಲ ತೆಗೆಸಿದ್ದೇನೆ. 81 ಕೆಜಿ ಅಂತ ಹೇಳಿದೆನಲ್ಲ.

ಈಗ 78.

ತೂಕ ಇಳಿಸಲು ಸೈಕಲ್ ಕೊಳ್ಳುವವರಿಗೆ ಈ ಲೆಕ್ಕ ನಿರಾಸೆ ತರಬಹುದು, ಮೂರೂವರೆ ವರ್ಷಕ್ಕೆ ಮೂರೇ ಕೆಜಿ. ತಿನ್ನುವುದು ನಿಲ್ಲಿಸಿಲ್ಲ, ಹಸಿವು ಜಾಸ್ತಿ ಆಗಿದೆ. ಆದರೆ ವಾರಕ್ಕೆ 150 ನಿಮಿಷ ಮಧ್ಯಮ ವ್ಯಾಯಾಮ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ದಿನದ ಓಡಾಟದಲ್ಲೇ ನನಗೆ 256 ನಿಮಿಷ ಆಗುತ್ತದೆ, ಅದಕ್ಕೆ ಅಂತ ಬೇರೆ ಸಮಯ ತೆಗೆಯದೆ. ಮೂರು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು, ಈಗ ಇಲ್ಲ. ರಾತ್ರಿ ಹತ್ತೂವರೆಗೆ ದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಎಚ್ಚರ. ಆಫೀಸಿನ ಸಿಟ್ಟು ಮನೆವರೆಗೆ ಬರುವುದು ಕಮ್ಮಿಯಾಗಿದೆ ಅಂತ ನನ್ನಾಕೆ ಹೇಳುತ್ತಾಳೆ. ಅರ್ಧ ಗಂಟೆ ತುಳಿಯುತ್ತಾ ಬೈದುಕೊಂಡರೆ ಗೋಕುಲಂ ದಾಟುವಷ್ಟರಲ್ಲಿ ಬೈಗುಳ ಖಾಲಿ.

ದುಡ್ಡು ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಪ್ರಾಮಾಣಿಕ ಲೆಕ್ಕ ಇದು. ಸೈಕಲ್ 18,500, ಭಾಯ್ ಹಾಕಿದ ಸಾಮಾನು 3,200, ಇಲ್ಲಿಯವರೆಗಿನ ರಿಪೇರಿ 6,800. ಒಟ್ಟು 28,500. ಇಷ್ಟು ದೂರವನ್ನು ಲೀಟರಿಗೆ 45 ಕೊಡುವ ನನ್ನ ಸ್ಕೂಟರಿನಲ್ಲಿ ಹೋಗಿದ್ದರೆ ಪೆಟ್ರೋಲಿಗೆ ಸುಮಾರು 25,000 ಆಗುತ್ತಿತ್ತು. ಅಂದರೆ ಇನ್ನೂ 3,500 ನನ್ನ ಕೈಯಿಂದಲೇ ಹೋಗಿದೆ. ಸ್ಕೂಟರ್ ಸರ್ವಿಸ್ ಉಳಿದದ್ದನ್ನು ಸೇರಿಸಿದರೆ ಸಮ ಅನ್ನಬಹುದು. ಹಳೆಯ ಕರಿ ಸೈಕಲ್ ಯಾವುದಾದರೂ ಮನೆಯಲ್ಲಿದ್ದರೆ ಅದನ್ನೇ ಎಣ್ಣೆ ಬಿಟ್ಟು ಓಡಿಸಿ, ಆಗ ಮೊದಲ ದಿನದಿಂದಲೇ ಲಾಭ.

ಬೆವರಿನ ಪ್ರಶ್ನೆಗೆ ನನ್ನ ಉಪಾಯ: ನಿಧಾನ ಹೋಗುವುದು, ಬ್ಯಾಗ್ ಬೆನ್ನಿಗೆ ಹಾಕದಿರುವುದು, ಆಫೀಸಿನ ಡ್ರಾದಲ್ಲಿ ಒಂದು ಶರ್ಟು, ಒಂದು ಟವೆಲ್. ಮಾರ್ಚ್, ಏಪ್ರಿಲ್ ಬಿಟ್ಟರೆ ಶರ್ಟ್ ಬದಲಾಯಿಸುವ ಪ್ರಸಂಗವೇ ಬರುವುದಿಲ್ಲ. ಮೇ ತಿಂಗಳ ಸಂಜೆ ಮಳೆಗೆ ಮಾತ್ರ ಉಪಾಯ ಇಲ್ಲ. ಆಫೀಸಿನಲ್ಲೇ ಕಾಯಬೇಕು, ಇಲ್ಲ ನೆನೆಯಬೇಕು. ನಾನು ನೆನೆಯುತ್ತೇನೆ. ರಾತ್ರಿ ಪಾಳಿಯವರಿಗೆ, ರಿಂಗ್ ರೋಡ್ ಬಿಟ್ಟರೆ ಬೇರೆ ದಾರಿ ಇಲ್ಲದವರಿಗೆ ಈ ಸೈಕಲ್ಲನ್ನಲ್ಲ, ಯಾವ ಸೈಕಲ್ಲನ್ನೂ ಕೊಳ್ಳಿ ಅಂತ ನಾನು ಹೇಳಲಾರೆ. ಅಲ್ಲಿ ಲಾರಿಗಳು ಹಾದುಹೋದಾಗ ಹ್ಯಾಂಡಲ್ ತಾನಾಗಿ ಅಲುಗುತ್ತದೆ. ನಾಯಿಗಳು ಬೆನ್ನಟ್ಟಿದರೆ ತುಳಿಯುವುದು ನಿಲ್ಲಿಸಿ ಇಳಿದುಬಿಡಿ, ಅವಕ್ಕೆ ಆಸಕ್ತಿ ಹೋಗುತ್ತದೆ.

ಐದಕ್ಕೆ ಎಷ್ಟು ಅಂದರೆ, ಪೆಟ್ಟಿಗೆಯಿಂದ ತೆಗೆದ ಸೈಕಲ್ಲಿಗೆ ಎರಡೂವರೆ. ಈಗ ನಮ್ಮ ಗೇಟಿನ ಒಳಗೆ ನಿಂತಿರುವುದಕ್ಕೆ ನಾಲ್ಕೂವರೆ.

ಈ ವಾರ ಹಿಂದಿನ ಟೈರ್ ಬದಲಾಯಿಸಬೇಕು, ಸವೆದು ನೂಲು ಕಾಣುತ್ತಿದೆ. ಗುಂಡಿಗೆ ಇರಲಿ ಅಂತ 35ರ ಬದಲು 40 ಹಾಕಿ ಅಂದೆ. ಭಾಯ್ ಮಡ್‌ಗಾರ್ಡಿನ ಕೆಳಗೆ ಎರಡು ಬೆರಳು ಇಟ್ಟು ನೋಡಿದರು. ‘ತಾಗತ್ತೆ ಸಾರ್. ಮಡ್‌ಗಾರ್ಡ್ ತೆಗೆದುಬಿಡ್ಲಾ?’

35 ಸಾಕು ಅಂದೆ.